ಶನಿವಾರದ ಮಧ್ಯಾಹ್ನದ ಆಟ

ಟಾಕೀಸಿನ ಗೇಟ್‌ಕೀಪರನ ಟಾರ್ಚಿನ ಬೆಳಕು ನನ್ನ ಕಾಲ ಬಳಿ ದುಂಡಗೆ ಬಿದ್ದಿರುತ್ತಿತ್ತು. ಆಟ ಮುಗಿದು ಜನರೆಲ್ಲ ಹೋದಮೇಲೆ ಅವನು ನನ್ನನ್ನು ಎಬ್ಬಿಸುತ್ತಿದ್ದುದೇ ಹಾಗೆ. ನಾನು ಸೆರಗು ಸರಿಮಾಡಿಕೊಂಡು, ಅಪರಾಧಿಯಂತೆ ಎದ್ದು ಬರುತ್ತಿದ್ದೆ.

ಅತ್ತೆಯ ಎಡಭಾಗ ಸ್ವಾಧೀನ ತಪ್ಪಿ ಆಗ ಎಂಟು ತಿಂಗಳಾಗಿತ್ತು. ನನ್ನ ಗಂಡ ದೂರದ ಊರಿನ ಕೆಲಸದಿಂದ ತಿಂಗಳಿಗೊಮ್ಮೆ ಬಂದುಹೋಗುತ್ತಿದ್ದರು. ಅತ್ತೆಯನ್ನು ಎತ್ತುವುದು, ಒರೆಸುವುದು, ಉಣಿಸುವುದು ಎಲ್ಲಕ್ಕೂ ನಾನೊಬ್ಬಳೇ. ಶನಿವಾರ ಮಧ್ಯಾಹ್ನ ಮಾತ್ರ ಪಕ್ಕದ ಮನೆಯ ಕಮಲಾಕ್ಷಮ್ಮ ಬಂದು ಕೂರುತ್ತಿದ್ದರು, ನಾನು ಸಿನಿಮಾಕ್ಕೆ ಹೋಗುತ್ತಿದ್ದೆ. ಅದು ಅತ್ತೆಯ ಹಟ. ತಾನಂತೂ ಹೋಗುವಂತಿಲ್ಲ, ನೀನಾದರೂ ನೋಡಿ ಬಂದು ಕತೆ ಹೇಳು ಎನ್ನುತ್ತಿದ್ದರು.

ಆ ವರ್ಷ ನೋಡಿದ ಚಿತ್ರಗಳೆಲ್ಲ ನನಗೆ ಮೊದಲ ಅರ್ಧ ಗಂಟೆಯಷ್ಟೇ ಗೊತ್ತು. ಒಂದರಲ್ಲಿ ನಾಯಕ ಹನ್ನೆರಡು ಮಂದಿಯನ್ನು ಹೊಡೆದರೂ ಬೈತಲೆ ಕೆಡಲಿಲ್ಲ. ಇನ್ನೊಂದರಲ್ಲಿ ನಾಯಕಿ ಒಂದೇ ಹಳದಿ ಸೀರೆಯಲ್ಲಿ ಮೂರು ಊರು ಸುತ್ತಿ ಅತ್ತಳು. ವಕೀಲನೊಬ್ಬನ ಹೆಂಡತಿ ಹೊಲಿಗೆ ಯಂತ್ರ ಹೊತ್ತು ಮನೆ ಬಿಟ್ಟ ಚಿತ್ರವೊಂದು ನಿಜಕ್ಕೂ ಚೆನ್ನಾಗಿತ್ತು. ಅದೂ ಅವಳು ಬಸ್ಸು ಹತ್ತುವವರೆಗೆ. ಆಮೇಲೆ ನಿದ್ದೆ. ಮನೆಗೆ ಬಂದು ಉಳಿದದ್ದನ್ನು ನಾನೇ ಕಟ್ಟಿ ಹೇಳುತ್ತಿದ್ದೆ.

ಒಂದು ಶನಿವಾರ ಹಾಗೆಯೇ, ಟಾಕೀಸಿನ ಗೋಡೆಯ ಮೇಲಿನ ಪೋಸ್ಟರನ್ನು ನೆನೆಸಿಕೊಂಡು ಅವಳಿ ಅಣ್ಣತಮ್ಮಂದಿರ ಕತೆ ಹೇಳತೊಡಗಿದೆ. ಇನ್ನೂ ಕುಳಿತಿದ್ದ ಕಮಲಾಕ್ಷಮ್ಮ ಆ ಚಿತ್ರವನ್ನು ನಿನ್ನೆಯೇ ತೆಗೆದು ಬೇರೆಯದು ಹಾಕಿದರಂತಲ್ಲ ಎಂದರು. ಟಿಕೆಟು ಕೊಂಡು ಒಳಗೆ ಕೂತವಳೇ ನಾನು ಕಣ್ಣು ಮುಚ್ಚಿದ್ದೆ. ಪರದೆಯ ಮೇಲೆ ಏನು ಬಂತೆಂದೇ ನೋಡಿರಲಿಲ್ಲ.

ಅವರು ಎದ್ದುಹೋದಮೇಲೆ ಅತ್ತೆ ತೊದಲುತ್ತಲೇ ಕೇಳಿದರು. "ನಿದ್ದೆ ಚೆನ್ನಾಗಿ ಬಂತೇನೇ?"

ತಪ್ಪಾಯಿತು ಎಂದೆ.

"ತಪ್ಪೇನು ಬಂತು. ಮೊದಲನೇ ವಾರವೇ ಗೊತ್ತಾಯ್ತು, ಕೆನ್ನೆ ಮೇಲೆ ಕುರ್ಚಿ ಹೆಣಿಗೆ ಅಚ್ಚು ಬಿದ್ದಿತ್ತು. ಇಲ್ಲಿ ಮಲಗು ಅಂದ್ರೆ ಮಲಗ್ತೀಯಾ ನೀನು? ನಾನು ಕೆಮ್ಮಿದ್ರೆ ಎದ್ದು ಕೂರ್ತೀಯ. ಅದಕ್ಕೇ ಕಳಿಸ್ತಿದ್ದೆ." ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮತ್ತೆ ಕೇಳಿದರು. "ಆ ವಕೀಲನ ಹೆಂಡ್ತಿಗೆ ನಿಜವಾಗಿ ಏನಾಯ್ತು?"

"ಗೊತ್ತಿಲ್ಲ ಅತ್ತೆ."

"ಹಾಗಾದ್ರೆ ನೀನು ಹೇಳಿದ್ದೇ ಇರ್ಲಿ."

ಮುಂದಿನ ಶನಿವಾರ ಕಮಲಾಕ್ಷಮ್ಮ ಮಗಳ ಮನೆಗೆ ಹೋಗಿದ್ದರಿಂದ ನಾನು ಹೊರಡಲಿಲ್ಲ. ಊಟವಾದಮೇಲೆ ಅತ್ತೆಯ ಮಂಚದ ಪಕ್ಕ, ಒಂದು ಗಳಿಗೆಯೆಂದು ನೆಲದ ಮೇಲೆ ಒರಗಿದೆ. ಎಚ್ಚರವಾದಾಗ ಕಿಟಕಿಯ ಆಚೆ ಬಿಸಿಲು ಇಳಿದುಹೋಗಿತ್ತು. ಗಾಬರಿಯಿಂದ ಎದ್ದೆ. ಅತ್ತೆ ಕಣ್ಣು ಬಿಟ್ಟುಕೊಂಡು, ಸದ್ದಿಲ್ಲದೆ ಸೂರು ನೋಡುತ್ತಿದ್ದರು. ಹೊದಿಕೆ ಸರಿಸಿದರೆ ಹಾಸಿಗೆ ಒದ್ದೆ.

ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

"ಈಗಷ್ಟೇ ಆಯ್ತು" ಎಂದರು ಅತ್ತೆ.

ನಾನು ಬಟ್ಟೆಯ ಅಂಚು ಹಿಡಿದು ನೋಡಿದೆ. ಅದು ಪೂರ್ತಿ ತಣ್ಣಗಾಗಿತ್ತು.