ಆಚೆಗೇ ಹೋಗದ ಬೆಕ್ಕು

ಸಿಸ್ಟರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದರೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಮೂವತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ಪಳಗಿದ ಕೈ. ನಿವೃತ್ತಿಯಾದ ಮೇಲೂ ಕೆಳಗಿನ ಮನೆಗಳ ಬಸುರಿಯರು ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದು ತೋರಿಸಿಕೊಂಡು ಹೋಗುತ್ತಿದ್ದರು. ಹಾಗಾಗಿ ಮನೆಯ ಬೆಕ್ಕು ಜಂಬಿಯ ಹೊಟ್ಟೆ ಸವರಿ "ಇವಳು ಬಸುರಿ ಕಣ್ರೋ" ಎಂದು ಅವರು ಸಾರಿದ ಕೂಡಲೇ ಮಗ ರಟ್ಟಿನ ಡಬ್ಬ ಹುಡುಕಲು ಹೊರಟ.

ಸೊಸೆ ಮಾತ್ರ ರಾಗ ಎಳೆದಳು. "ಅತ್ತೆ, ಹೋದ ತಿಂಗಳು ಬೆದೆಗೆ ಬಂದು ಕಿರುಚಾಡಿದ್ದು ನಿಜ. ಆದ್ರೆ ಇವಳು ಆಚೆ ಕಾಲೇ ಇಟ್ಟಿಲ್ವಲ್ಲ? ಕಿಟಕಿಗೆಲ್ಲ ಜಾಲರಿ ಇದೆ."

ಸಿಸ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ವಾರ್ಡಿಗೆ ಬರ್ತಿದ್ದ ಅಮ್ಮಂದಿರೂ ಇದನ್ನೇ ಹೇಳೋರು. ನನ್ನ ಮಗಳು ಮನೆಯಿಂದ ಆಚೆಗೇ ಹೋಗಿಲ್ಲ ಸಿಸ್ಟರ್, ಬರೀ ಹೊಟ್ಟೆನೋವು ಅಂತ. ಅರ್ಧ ಗಂಟೇಲಿ ಮೊಮ್ಮಗುನ ಕೈಗೆ ಕೊಡ್ತಿದ್ದೆ!"

ಸೊಸೆಯೂ ನಕ್ಕಳು. ಅಲ್ಲಿಗೆ ವಿಷಯ ಮುಗಿಯಿತು, ಅನಾಹುತ ಶುರುವಾಯಿತು.

ಜಂಬಿ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು. ಹಾಲು ಕಟ್ಟೋದಕ್ಕೆ ಬೇಕಲ್ಲ, ಎಂದರು ಸಿಸ್ಟರಮ್ಮ. ಮೀನನ್ನು ಮೂಸಿ ಮುಖ ತಿರುಗಿಸಿತು. ಬಸುರಿಯ ಬಾಯಿರುಚಿ, ಎಂದರು. ಇಡೀ ದಿನ ಬಾಲದ ಕೆಳಗೆ ನೆಕ್ಕಿಕೊಳ್ಳುತ್ತ ಮಂಚದಡಿ ಬಿದ್ದುಕೊಂಡಿತು. ಎಷ್ಟು ಶುದ್ಧ ನೋಡು ನಮ್ಮ ಹುಡುಗಿ, ಎಂದು ಹೊಗಳಿದರು. ಇದ್ದಬದ್ದ ಲಕ್ಷಣಕ್ಕೆಲ್ಲ ಅವರ ಹತ್ತಿರ ಉತ್ತರ ರೆಡಿ ಇತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಜಂಬಿ ಏಳಲಿಲ್ಲ. ಎತ್ತಿದರೆ ಕೆಳಗಿನ ಬಟ್ಟೆಯ ಮೇಲೆ ಕಂದುಹಳದಿ ಕಲೆ. ಸಿಸ್ಟರಮ್ಮ ಬಟ್ಟೆಯನ್ನು ಮೂಗಿನ ಹತ್ತಿರ ತಂದರು, ಅವರ ಮುಖ ಬಿಳುಚಿಕೊಂಡಿತು. ಆ ವಾಸನೆ ಅವರಿಗೆ ಚೆನ್ನಾಗಿ ಗೊತ್ತು. ವಾರ್ಡಿನಲ್ಲಿ ಯಾವ ಹೆಂಗಸಿನ ಹಾಸಿಗೆಯಿಂದ ಅದು ಬಂದರೂ ಅವರು ಡಾಕ್ಟರನ್ನು ಕರೆಯಲು ಓಡುತ್ತಿದ್ದರು.

ಪಶುವೈದ್ಯರು ಸ್ಕ್ಯಾನ್ ಮಾಡಿದರು. "ಮರಿ ಇಲ್ಲಮ್ಮ. ಗರ್ಭಕೋಶದ ತುಂಬ ಕೀವು. ಬೆದೆಗೆ ಬಂದು ಗಬ್ಬವಾಗದೆ ಉಳಿದ ಬೆಕ್ಕುಗಳಿಗೆ ಹೀಗಾಗೋದುಂಟು. ಹೊರಗಡೆ ಹೋಗೋ ಅಭ್ಯಾಸ ಇತ್ತಾ?"

"ಇಲ್ಲ, ಆಚೆಗೇ ಹೋಗಿಲ್ಲ," ಎಂದಳು ಸೊಸೆ.

ಡಾಕ್ಟರು ಮರುಮಾತಿಲ್ಲದೆ ನಂಬಿ ಬರೆದುಕೊಂಡರು. "ನೀರು ಜಾಸ್ತಿ ಕುಡಿಯೋಕೆ ಶುರುಮಾಡಿ ಎಷ್ಟು ದಿನ ಆಯ್ತು?"

"ಒಂಬತ್ತು," ಎಂದರು ಸಿಸ್ಟರಮ್ಮ.

"ಮೊದಲೇ ಬಂದಿದ್ರೆ ಸುಲಭ ಇತ್ತು. ಈಗ ನಂಜು ಮೈಗೆಲ್ಲ ಏರಿದೆ. ಗರ್ಭಕೋಶ ತೆಗೀತೀನಿ, ಆದ್ರೆ ಭರವಸೆ ಕೊಡಲಾರೆ."

ಬಾಗಿಲು ಮುಚ್ಚಿತು. ಸಿಸ್ಟರಮ್ಮ ಜೀವಮಾನದಲ್ಲೇ ಮೊದಲ ಸಲ ಆಪರೇಷನ್ ಬಾಗಿಲಿನ ಈಚೆಗೆ, ಬೆಂಚಿನ ಮೇಲೆ ಕೂತಿದ್ದರು. ಮಾಡಲು ಏನೂ ಇರಲಿಲ್ಲ. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದರು. ಸೊಸೆ ಒಂದಾದರೂ ಕೊಂಕು ಮಾತಾಡಿದ್ದರೆ ಚೆನ್ನಾಗಿತ್ತು.

ಸುಮಾರು ಹೊತ್ತಾದ ಮೇಲೆ ಸಹಾಯಕಿ ಹೊರಗೆ ಬಂದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

"ಬಂದಾಗಿಂದ ಏನಾದ್ರೂ ಕುಡಿದ್ರಾಮ್ಮ? ಸ್ವಲ್ಪ ನೀರು ಕೊಡ್ಲಾ?"

ಸೊಸೆ ಆಸೆಯಿಂದ ಎದ್ದು ನಿಂತಳು. "ಹೇಗಿದಾಳೆ?"

ಸಿಸ್ಟರಮ್ಮ ಅವಳ ಸೆರಗು ಹಿಡಿದು ಕೂರಿಸಿಕೊಂಡರು. ಇಂಥ ಬಾಗಿಲುಗಳಿಂದ ಹೊರಗೆ ಬಂದು, ಎಷ್ಟೋ ಗಂಡಂದಿರಿಗೆ, ಎಷ್ಟೋ ತಾಯಂದಿರಿಗೆ, ಅವರೂ ಕೆಟ್ಟ ಸುದ್ದಿಗೆ ಮೊದಲು ನೀರು ಬೇಕಾ ಎಂದೇ ಕೇಳಿದ್ದರು.