ಮನೆಯವನ ಸಾಕ್ಷಿ

ನಾನು ಒಂದು ಮಸಿ ಪ್ಯಾಡ್. ಹುಬ್ಬಳ್ಳಿಯ ಶೆಡ್ಡೊಂದರಲ್ಲಿ ತಗಡು ಬಡಿದು, ಬಟ್ಟೆ ಹಾಸಿ, ನೇರಳೆ ಮಸಿ ಕುಡಿಸಿ ನನ್ನನ್ನು ಹುಟ್ಟಿಸಿದರು. ಅಂಗಡಿಯಿಂದ ಗದಗಿನ ದಸ್ತಾವೇಜು ಬರಹಗಾರ ರಾಚಪ್ಪನ ಮೇಜಿಗೆ ಬಂದೆ. ಮೇಜಿನ ಮೇಲೆ ಮಲಗಿದವನಿಗೆ ಜನರ ಮುಖ ಕಾಣುವುದಿಲ್ಲ. ಗದ್ದ, ಮೂಗಿನ ಹೊಳ್ಳೆ ಕಾಣುತ್ತವೆ. ಸಾಹುಕಾರನ ಹೊಳ್ಳೆಯೂ ಕೂಲಿಯವನ ಹೊಳ್ಳೆಯೂ ಒಂದೇ. ಹೆಬ್ಬೆರಳು ಇಳಿದಾಗ ಮಾತ್ರ ಗೊತ್ತಾಗುತ್ತಿತ್ತು, ಯಾರು ಮನಸ್ಸಿನಿಂದ ಒತ್ತುತ್ತಾರೆ, ಯಾರ ಕೈ ಹಿಡಿದು ಒತ್ತಿಸುತ್ತಾರೆ ಎಂದು.

ಒಂದು ದಿನ ರಾಚಪ್ಪ ನನ್ನನ್ನು ಚೀಲಕ್ಕೆ ಹಾಕಿಕೊಂಡು ಉಯಿಲು ಬರೆಯಲು ಬೆಟಗೇರಿಗೆ ಹೋದ. ಸುವಾರ್ತಮ್ಮ ಅಕ್ಕೋರ ಮನೆ. ಕ್ರೈಸ್ತ ಹೆಂಗಸು, ಮದುವೆಯಾದವರಲ್ಲ, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಲಕ್ವ ಹೊಡೆದು ಬಲಗೈ ಬಿದ್ದಿತ್ತು. ಬುದ್ಧಿ ನೆಟ್ಟಗಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ತಾಯಿಯಿಲ್ಲದ ಕೃಪಾ ಎಂಬ ಹುಡುಗಿಯನ್ನು ಚಿಕ್ಕಂದಿನಿಂದ ಸಾಕಿದವರು ಅವರೇ. ಈಗ ಕೃಪಾ ಅವರ ಹೇಲು ಉಚ್ಚೆ ಬಳಿಯುತ್ತಿದ್ದಳು. ಅವಳ ಗಂಡ ದಾನಿಯೇಲ ಅವರನ್ನು ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದ. ಎರಡು ಕೋಣೆಯ ಆ ಮನೆ ತಮ್ಮ ನಂತರ ಕೃಪಾಳಿಗೆ ಸೇರಬೇಕು, ಅಷ್ಟೇ ಅವರ ಆಸೆ. ಉಯಿಲು ಇಲ್ಲದಿದ್ದರೆ ಅದು ಮಿರಜಿನಲ್ಲಿರುವ ಅಣ್ಣನ ಮಗ ಸಾಮುವೇಲನಿಗೆ ಹೋಗುತ್ತಿತ್ತು. ಅವನು ಬರುತ್ತಿದ್ದುದು ಕ್ರಿಸ್‌ಮಸ್ಸಿಗೆ, ತಿಂಡಿ ಕಟ್ಟಿಸಿಕೊಂಡು ಹೋಗಲು.

ಇಬ್ಬರು ಸಾಕ್ಷಿ ಬೇಕು. ಒಬ್ಬ ರಾಚಪ್ಪ. ಇನ್ನೊಬ್ಬರಾಗಿ ಬರಬೇಕಿದ್ದ ಪಾದ್ರಿಗಳು ಊರಲ್ಲಿರಲಿಲ್ಲ. ಪಕ್ಕದ ಮನೆಯವರನ್ನು ಕರೆಯಲೇ ಎಂದು ರಾಚಪ್ಪ ಕೇಳಿದ. ಅಕ್ಕೋರಿಗೆ ಸಿಟ್ಟು ಬಂತು.

“ನನ್ನ ಮನಿ ವಿಷಯ ಓಣಿ ಮಂದಿಗೆ ಯಾಕ ತಿಳೀಬೇಕು? ದಾನಿಯೇಲ ಅದಾನಲ್ಲ. ಮನಿ ಮನಷ್ಯಾಗಿಂತ ದೊಡ್ಡ ಸಾಕ್ಷಿ ಯಾರದಾರೋ ರಾಚಪ್ಪ?”

ರಾಚಪ್ಪ ಎರಡನೇ ಇಯತ್ತೆಯಲ್ಲಿ ಅವರ ಕೈಯಿಂದ ಏಟು ತಿಂದವ. “ಹೂಂನ್ರಿ ಅಕ್ಕೋರ,” ಎಂದ. ಹಿಂದೂಗಳ ಉಯಿಲು ಎಷ್ಟೋ ಬರೆದಿದ್ದ. ಮನೆಯವರೇ ಸಹಿ ಹಾಕಿದ್ದರೂ ಯಾವ ತಂಟೆಯೂ ಬಂದಿರಲಿಲ್ಲ. ಅಕ್ಕೋರು ಎಡಗೈ ಹೆಬ್ಬೆರಳನ್ನು ನನ್ನ ಮೇಲೆ ತಾವೇ ಇಟ್ಟು ಒತ್ತಿದರು. ಮನಸ್ಸಿಟ್ಟು ಒತ್ತಿದ ಬೆರಳು ಅದು. ದಾನಿಯೇಲ ಕೆಳಗೆ ಸಹಿ ಹಾಕಿದ.

ಅಕ್ಕೋರು ತೀರಿದ ಮೇಲೆ ಸಾಮುವೇಲ ವಕೀಲರನ್ನು ಕರೆತಂದ. ಕೇಸು ವರ್ಷಗಟ್ಟಲೆ ಎಳೆಯಿತು. ಉಯಿಲು ನಿಜ, ಬುದ್ಧಿ ಸರಿಯಿತ್ತು, ಬೆರಳೂ ಅವರದೇ ಎಂದು ನ್ಯಾಯಾಧೀಶರು ಒಪ್ಪಿದರು. ಆದರೆ ಕ್ರೈಸ್ತರ ಉಯಿಲಿಗೆ ಗಂಡ ಸಾಕ್ಷಿ ಹಾಕಿದರೆ ಹೆಂಡತಿಗೆ ಬರೆದ ಆಸ್ತಿ ಅವಳಿಗೆ ದಕ್ಕುವುದಿಲ್ಲವಂತೆ. ಮನೆ ಸಾಮುವೇಲನ ಪಾಲಾಯಿತು.

ಕೀಲಿ ಕೊಡುವ ದಿನ ರಾಚಪ್ಪ ಹೋಗಿ ಬಾಗಿಲಲ್ಲಿ ನಿಂತ. ಚೀಲದಲ್ಲಿ ನಾನೂ ಇದ್ದೆ. ತನಗೆ ಈ ಕಾನೂನು ಗೊತ್ತಿರಲಿಲ್ಲ, ಇನ್ನು ಮೇಲೆ ಹೀಗಾಗದು ಎಂದು ಏನೇನೋ ಬಡಬಡಿಸಿದ. ಕೃಪಾ ಪಾತ್ರೆಯ ಗಂಟು ಕಟ್ಟುತ್ತಲೇ ಹೇಳಿದಳು, “ನೀವು ಕಲಿಯೂತನಕ ನಮ್ಮ ಮನಿ ಹೋತ್ರಿ ಕಾಕಾ.” ದಾನಿಯೇಲ ಕೀಲಿಯನ್ನು ಸಾಮುವೇಲನ ಕೈಗಿಟ್ಟ. ಈಗ ದಾನಿಯೇಲ ಮಗಳ ಶಾಲೆಯ ಪ್ರಗತಿ ಪತ್ರಕ್ಕೂ ಸಹಿ ಹಾಕುವುದಿಲ್ಲವಂತೆ.

ನೋಂದಣಿ ಕಚೇರಿಗೆ ಬೆರಳೊತ್ತುವ ಯಂತ್ರ ಬಂತು. ನಾನು ಒಣಗಿ ರಾಚಪ್ಪನ ಡ್ರಾಯರಿನಲ್ಲಿ ಬಿದ್ದಿದ್ದೇನೆ. ಯಾರನ್ನು ಬೈಯಲಿ? ಬೈದೂ ಬೈದೂ ಸಾಕಾಗಿದೆ. ಅಂದು ಅಕ್ಕೋರ ಬಾಗಿಲ ಮುಂದೆ ಸಂತೆಗೆ ಹೋಗುವ ಜನ ಸಾಲುಗಟ್ಟಿ ನಡೆದಿದ್ದರು. ಅವರಲ್ಲಿ ಯಾವನಾದರೂ ಒಬ್ಬನನ್ನು, ಅಕ್ಕೋರ ಹೆಸರೂ ಗೊತ್ತಿಲ್ಲದವನನ್ನು, ಒಳಗೆ ಕರೆದು ಚಹಾ ಕುಡಿಸಿ ಸಹಿ ಹಾಕಿಸಿದ್ದರೆ, ಕೃಪಾ ಇವತ್ತಿಗೂ ಅಲ್ಲೇ ಒಲೆ ಹಚ್ಚುತ್ತಿದ್ದಳು.