ಒಣಚೀಲ ಕಡೆದ ಕೈ

ಕರ್ರ್ ಎಂದಿತು, ಗುಳುಕ್ ಎನ್ನಬೇಕಿತ್ತಲ್ಲ, ಇದೇನು ಕರ್ರ್ ಎನ್ನುತ್ತಿದೆ, ಒಳಗೆ ಹಾಲಿಲ್ಲವೇ, ಈ ಮನೆಯವರು ಚೀಲ ಬರಿದು ಮಾಡಿಟ್ಟು ಎಲ್ಲಿಗೆ ಹೋದರು ಎಂದು ಪಗ್ಮಾ ಯೋಚಿಸುವಷ್ಟರಲ್ಲೇ ಅವಳ ಕೈ ಕಡಗೋಲನ್ನು ಇನ್ನೊಮ್ಮೆ ಮೇಲೆತ್ತಿ ಕೆಳಗಿಳಿಸಿತ್ತು, ಮತ್ತೆ ಕರ್ರ್, ಆಮೇಲೆ ಪಟ್ ಎಂದು ಬೇರೊಂದು ಸದ್ದು — ತೊಗಲಿನ ಹೊಲಿಗೆ ಬಿಟ್ಟುಕೊಳ್ಳುವ ಸದ್ದು, ಅದನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿಯುತ್ತಾಳೆ — ಆಗಲೇ ನೆನಪಾದದ್ದು, ಇದು ಯಾರ ಮನೆಯೂ ಅಲ್ಲ, ಉಲಾನ್‌ಬಾತರಿನ ವಸ್ತುಸಂಗ್ರಹಾಲಯದ ಮೇಲಿನ ಮಹಡಿ, ವಿದ್ಯುದ್ದೀಪಗಳ ಕೆಳಗೆ ಎತ್ತಿ ಕಟ್ಟಿದ ಉಣ್ಣೆಯ ಗುಡಾರ, ಮೂರು ಹೆಜ್ಜೆ ಒಳಗೆ ಕೆಂಪು ಹಗ್ಗ, ಹಗ್ಗದ ಆಚೆ ಯಾರೂ ಮಲಗದ ಮಂಚ, ಬೆಂಕಿಯಿಲ್ಲದ ಒಲೆ, ಮತ್ತು ಈಚೆ, ಬಾಗಿಲ ಪಕ್ಕ, ಕೈಗೆ ಎಟುಕುವ ಹಾಗೆ, ಈ ತೊಗಲಿನ ಹಾಲುಚೀಲ. ಎಟುಕುವ ಹಾಗೆ ಯಾಕೆ ತೂಗುಹಾಕಿದರು, ಎಟುಕುವ ಹಾಗೆ ತೂಗುಹಾಕಿ ಮುಟ್ಟಬೇಡಿ ಎಂದು ಬರೆದರೆ ಕೈಗೆ ಓದು ಬರುತ್ತದೆಯೇ. ಕಾವಲಿನ ಹೆಂಗಸು ಕುರ್ಚಿಯಿಂದ ಎದ್ದು ಬರುತ್ತಿದ್ದಾಳೆ, ತೆಗೀರಿ ಕೈ, ತೆಗೀರಿ ಅಂದೆ, ಬೋರ್ಡು ಕಾಣ್ಸಲ್ವಾ ನಿಮ್ಗೆ, ಕನ್ನಡಕ ಮನೇಲಿ ಬಿಟ್ಟು ಬಂದ್ರಾ, ಎನ್ನುತ್ತಿದ್ದಾಳೆ, ಆದರೆ ಪಗ್ಮಾಳ ಅಂಗೈ ಇನ್ನೂ ಕಡಗೋಲಿನ ಸುತ್ತಲೇ ಇದೆ, ಮರ ಎಷ್ಟು ನುಣುಪು, ಎಷ್ಟು ಜನರ ಕೈ ತಿಕ್ಕಿ ತಿಕ್ಕಿ ಹೀಗಾಗಿದೆ, ಆ ಕೈಗಳೆಲ್ಲ ಈಗ ಎಲ್ಲಿ, ಈ ನುಣುಪಿಗೆ ಏನು ಕಾರಣ ಎಂದು ಕೆಳಗಿನ ಚೀಟಿಯಲ್ಲಿ ಬರೆದಿದ್ದಾರೆಯೇ.

ಬರಬೇಡ ಅಂದಿದ್ದಳು ಮಗಳು ಸರ್ನೈ. ಬರಬೇಡ ಅಂತಲ್ಲ, ಇವತ್ತು ಬೇಡ ಅಂದಿದ್ದಳು, ಅಮ್ಮಾ ಇವತ್ತು ನನ್ನ ಪರೀಕ್ಷೆ ಇದ್ದ ಹಾಗೆ, ಗುಂಪು ಕರ್ಕೊಂಡು ಸುತ್ತಿ ವಿವರಿಸೋದನ್ನ ಮೇಲಿನವ್ರು ನೋಡ್ತಾರೆ, ಸರಿ ಕಂಡ್ರೆ ಕೆಲಸ ಕಾಯಂ, ಇಲ್ದಿದ್ರೆ ಮತ್ತೆ ಬೇಕರಿಗೆ. ಹಿಂದೆ ನಿಂತು ನೋಡ್ತೀನಿ, ಬಾಯಿ ಬಿಡಲ್ಲ, ನೀನು ಯಾರೋ ನಾನು ಯಾರೋ ಅಂತ ಮಾತು ಕೊಟ್ಟು, ನೀಲಿ ರೇಷ್ಮೆಯ ನಿಲುವಂಗಿ ತೊಟ್ಟು, ಗುಡ್ಡದ ಮೇಲಿನ ತಮ್ಮ ಕೇರಿಯಿಂದ ಬಸ್ಸು ಹಿಡಿದು ಬಂದವಳು ಪಗ್ಮಾ, ಮಾತಿಗೆ ತಪ್ಪಲಿಲ್ಲ, ಬಾಯಿ ಬಿಡಲೂ ಇಲ್ಲ. ಕೆಳಗಿನ ಮಹಡಿಯಲ್ಲಿ, ಹೊಟ್ಟೆಯ ಹತ್ತಿರ ಬಟ್ಟಲು ಹಿಡಿದು ನಿಂತ ಕಲ್ಲುಮನುಷ್ಯನ ಎದುರು, ಮಗಳು ಅವನ ಕಾಲ, ಅವನ ಬೆಲ್ಟು, ಅವನ ಕಿವಿಯ ಓಲೆ ಎಲ್ಲ ಹೇಳುತ್ತಿದ್ದಾಗ, ಅವನ ತುಟಿ ಒಣಗಿದೆ ಮಗಾ, ನಮ್ಮ ಬೇಸಿಗೆ ಹುಲ್ಲುಗಾವಲಿನ ಕಲ್ಲುಮನುಷ್ಯನ ತುಟಿಗೆ ನಿನ್ನಜ್ಜಿ ಬೆಣ್ಣೆ ಸವರುತ್ತಿದ್ದಳು, ಇವನಿಗೆ ಯಾರು ಸವರಿದ್ದಾರೆ ಎಂದು ಹೇಳಬೇಕೆನಿಸಿತ್ತು, ಹೇಳಲಿಲ್ಲ, ನುಂಗಿಕೊಂಡಳು. ಕೊಂಬಿನ ಹಾಗೆ ಕೂದಲು ಬಿಗಿದ ರಾಣಿಯರ ಚಿತ್ರ, ಹವಳ ಪೋಣಿಸಿದ ಕುಣಿತದ ಮುಖವಾಡ, ಗಾಜು, ಗಾಜಿನಲ್ಲಿ ತನ್ನದೇ ಮುಖ, ಮತ್ತೆ ಗಾಜು, ಎಲ್ಲ ದಾಟಿ ಇಲ್ಲಿಗೆ ಬಂದರು. ಗುಂಪು ಗೋಬಿ ಮರುಭೂಮಿಯ ಕಡೆಯ ಶಾಲೆಯೊಂದರ ಮೇಷ್ಟರುಗಳದು, ನಿವೃತ್ತರು, ನಗುವವರು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವವರು. ಗುಡಾರದ ಬಾಗಿಲು ಯಾವತ್ತೂ ದಕ್ಷಿಣಕ್ಕಿರಬೇಕು, ಇಲ್ಲಿ ಲಿಫ್ಟಿನ ಕಡೆಗಿದೆ, ಅದನ್ನು ನೋಡಿ ಪಗ್ಮಾಳಿಗೆ ತಲೆ ಒಂದು ಸುತ್ತು ತಿರುಗಿದಂತಾಯಿತು, ಆದರೂ ಹೊಸ್ತಿಲು ಮೆಟ್ಟದೆ ಬಲಗಾಲಿಟ್ಟಳು, ಒಳಗೆ ಹಳೆಯ ಉಣ್ಣೆಯ ವಾಸನೆ, ಹೊಗೆ ಕುಡಿದ ತೊಗಲಿನ ವಾಸನೆ, ಅಷ್ಟೇ, ಆಮೇಲಿನದೆಲ್ಲ ಕೈಯದು. ಅವಳ ಹುಟ್ಟೂರ ಸೀಮೆ ಬುಲ್ಗಾನಿನಲ್ಲಿ ಯಾವ ಗುಡಾರ ಹೊಕ್ಕರೂ ಬಾಗಿಲ ಪಕ್ಕದ ಚೀಲದಲ್ಲಿ ಕುದುರೆ ಹಾಲು ಹುಳಿಯುತ್ತಾ ತೂಗುತ್ತದೆ, ಹೊಕ್ಕವರು ಮೊದಲು ಅದನ್ನು ಕಡೆಯುತ್ತಾರೆ, ಆಮೇಲೆ ಕುಶಲ ಕೇಳುತ್ತಾರೆ, ಆಮೇಲೆ ಕೂರುತ್ತಾರೆ, ಯಾರೂ ಹೇಳಿಕೊಡುವುದಿಲ್ಲ, ಯಾರೂ ಕೇಳುವುದಿಲ್ಲ, ಬಂದವರ ಕೈಯಿಂದಲೇ ಹಾಲು ಹದಕ್ಕೆ ಬರುತ್ತದೆ, ನೆರೆಯವಳು, ಕುದುರೆ ಹುಡುಕುತ್ತಾ ಬಂದ ಅಪರಿಚಿತ, ಜಗಳವಾಡಲು ಬಂದವನು ಕೂಡ — ಅವನು ಕಡೆಯುತ್ತಲೇ ಜಗಳ ತೆಗೆಯುತ್ತಾನೆ. ಸಹಕಾರಿ ಸಂಘದ ಕಾಲದಲ್ಲಿ ಜಿಲ್ಲೆಯ ದೊಡ್ಡ ಸಾಹೇಬರೊಬ್ಬರು ಬಂದು ಕಡಗೋಲು ಮುಟ್ಟದೆ ನೇರ ಹೋಗಿ ಕುಳಿತಾಗ ಪಗ್ಮಾಳ ಅಮ್ಮ ಹಾಲಿನ ಬಟ್ಟಲು ಕೊಡಲಿಲ್ಲ, ಚಹಾ ಕೊಟ್ಟಳು, ಬರೀ ಚಹಾ, ಕುದುರೆ ಹಾಲು ಇಲ್ವಾ ಅಂತ ಅವರು ಕೇಳಿದ್ದಕ್ಕೆ ಇನ್ನೂ ಆಗಿಲ್ಲ ಸಾಹೇಬ್ರೇ, ಒಂದು ಕೈ ಕಮ್ಮಿ ಬಿತ್ತು ಅಂದಳು, ಅಪ್ಪ ಆ ರಾತ್ರಿಯಿಡೀ ಹೆದರಿ ಕುಳಿತಿದ್ದ, ಅಮ್ಮ ಗೊರಕೆ ಹೊಡೆದಳು.

ಈಗ ಎಲ್ಲರೂ ನೋಡುತ್ತಿದ್ದಾರೆ. ಚೀಲದ ಕೊರಳಲ್ಲಿ ಬೆರಳುದ್ದ ಬಾಯಿ ತೆರೆದಿದೆ, ಒಳಗೆ ಕತ್ತಲೆ, ಕಾಗದದ ಚೂರುಗಳು, ಚೀಲ ಉಬ್ಬಿ ಕಾಣಲೆಂದು ಹಳೆಯ ಪತ್ರಿಕೆ ತುಂಬಿದ್ದಾರೆ, ಅಯ್ಯೋ ನಿನ್ನ ಗತಿಯೇ, ನಿನಗೆ ಪತ್ರಿಕೆ ಕುಡಿಸಿದರೇ. ಗುಂಪಿನ ದಪ್ಪ ಮೇಡಂ ಒಬ್ಬರು ಪಕ್ಕದವರಿಗೆ ಹೇಳುತ್ತಿದ್ದಾರೆ, ನಾನೂ ಇನ್ನೇನು ಕೈ ಹಾಕೋದ್ರಲ್ಲಿದ್ದೆ ಕಣ್ರೀ, ಇವ್ರು ನನ್ನ ಮುಂದಿದ್ರು, ಬಚಾವಾದೆ, ಯಾರೋ ನಕ್ಕರು, ಸರ್ನೈ ನಗಲಿಲ್ಲ. ಸರ್ನೈ ಹೊಸ್ತಿಲ ಆಚೆಯೇ ನಿಂತಿದ್ದಾಳೆ, ಕೊರಳಲ್ಲಿ ಹೆಸರಿನ ಬಿಲ್ಲೆ, ಅವಳ ಕಣ್ಣು ಪಗ್ಮಾಳ ಮೇಲೆ ಒಂದು ಗಳಿಗೆ ಕೂತು ಹಾರಿತು, ಯಾರೋ ಹೆಂಗಸಿನ ಮೇಲೆ ಕೂತ ಹಾಗೆ, ಸರಿ, ಹಾಗೇ ಅಲ್ಲವೇ ಮಾತಾದದ್ದು, ನೀನು ಯಾರೋ ನಾನು ಯಾರೋ. ಬೇಸಿಗೆ ಹುಲ್ಲುಗಾವಲು ಬಿಟ್ಟು ನಗರಕ್ಕೆ ಬಂದಾಗ ಅವಳಿನ್ನೂ ಹಾಲುಹಲ್ಲಿನ ಹುಡುಗಿ, ನಂಗೇನೂ ನೆನಪಿಲ್ಲಮ್ಮ ಎನ್ನುತ್ತಾಳೆ, ಕುದುರೆ, ಮರಿ ಕಟ್ಟುವ ಹಗ್ಗ, ಅಜ್ಜಿ, ಯಾವುದೂ ನೆನಪಿಲ್ಲ, ಎಲ್ಲ ಪುಸ್ತಕದಿಂದ ಕಲಿತೆ ಎನ್ನುತ್ತಾಳೆ, ಹೆಮ್ಮೆಯಿಂದಲೇ. ಈ ವಿಭಾಗದ ಮುಖ್ಯಸ್ಥ ಬಂದ, ಗೊಂಚಿಗ್ ಅಂತೆ, ಮಗಳ ಕೆಲಸ ಇರುವುದು ಈತನ ತಲೆಯಾಡಿಸುವಿಕೆಯಲ್ಲಿ, ಟೈ ಕಟ್ಟಿದ ಮನುಷ್ಯ, ಮಾತು ಮೆತ್ತಗೆ, ಅಕ್ಕಾ ಇದು ನೂರು ವರ್ಷ ದಾಟಿದ ಚೀಲ, ನಿಮ್ಮ ಅಜ್ಜಿ ಮನೇದಲ್ಲ, ಎಂದ. ಯಾರದೋ ಅಜ್ಜಿ ಮನೇದಿರ್ಬೇಕಲ್ಲ ತಮ್ಮಾ, ಎಂದಳು ಪಗ್ಮಾ, ಬಾಯಿ ಬಿಡಬಾರದೆಂದಿದ್ದದ್ದು ಅಷ್ಟರಲ್ಲಿ ಮುಗಿದುಹೋಗಿತ್ತು. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ದಂಡ ಗಿಂಡ ಬೇಡ ಎಂದ, ಎಲ್ಲರ ಮುಂದೆ ತಪ್ಪಾಯ್ತು ಅಂತ ಹೇಳಿ, ಹೀಗೆ ಕೈ ಹಾಕಿ ಕಡೆಯೋದು ತಪ್ಪು, ಇನ್ಯಾರೂ ಮಾಡ್ಬಾರ್ದು ಅಂತ ಒಂದು ಮಾತು ಸೇರಿಸಿ, ಅಲ್ಲಿಗೆ ಮುಗೀತು. ಇಲ್ಲದಿದ್ದರೆ, ಎಂದು ಸರ್ನೈಯ ಕಡೆ ನೋಡದೆಯೇ ಅವಳ ಕಡೆ ಗದ್ದ ತೋರಿಸಿದ, ಗುಂಪನ್ನ ಹಿಡಿತದಲ್ಲಿಟ್ಕೊಳ್ಳೋಕೆ ಈ ಹುಡುಗಿಗೆ ಬರಲ್ಲ ಅಂತಾಗತ್ತೆ, ನಾಳೆಯಿಂದ ಈ ಹುಡುಗಿ ಕೆಲಸಕ್ಕೆ ಬರೋದು ಬೇಡ ಅಂತಾಗತ್ತೆ.

ತಪ್ಪಾಯ್ತು, ಎಷ್ಟು ಚಿಕ್ಕ ಮಾತು, ಬಸ್ಸಿನಲ್ಲಿ ಯಾರದೋ ಕಾಲು ತುಳಿದರೂ ಅನ್ನುತ್ತೇವೆ, ಅಂದುಬಿಡು ಪಗ್ಮಾ, ಮಗಳು ಮೂರು ಚಳಿಗಾಲ ಬೇಕರಿಯಲ್ಲಿ ಹಿಟ್ಟು ನಾದಿಕೊಂಡೇ ಓದಿದ್ದಾಳೆ, ಒಲೆಯ ಹೊಗೆಯಲ್ಲಿ ಕೆಮ್ಮುತ್ತಾ, ಟೋಪಿ ಹಾಕಿಕೊಂಡೇ ಹಾಸಿಗೆಯಲ್ಲಿ ಕೂತು ಆ ಕಲ್ಲುಮನುಷ್ಯರ ಕಾಲವನ್ನೆಲ್ಲ ಬಾಯಿಪಾಠ ಮಾಡಿದ್ದಾಳೆ, ನಿನ್ನ ನಾಲಿಗೆಯಿಂದ ಒಂದು ಮಾತು ಬಿದ್ದರೆ ಅವಳ ಬದುಕು ಒಂದು ನೆಲೆಗೆ ನಿಲ್ಲುತ್ತದೆ, ಅಂದುಬಿಡು, ಮಾತು ಹಲ್ಲಿನ ಹಿಂದೆಯೇ ಇದೆ, ತ ಎಂದು ತುಟಿ ತೆರೆದೂ ಆಯಿತು — ಗೊಂಚಿಗ್ ಆಗ ಹರಿದ ಹೊಲಿಗೆ ನೋಡಲೆಂದು ಒಳಗೆ ಬಂದ, ಹೊಸ್ತಿಲು ಮೆಟ್ಟಲಿಲ್ಲ, ಬಲಗಾಲನ್ನೇ ಎತ್ತಿಟ್ಟ, ಮತ್ತು ಅವನ ಬಲಗೈ ತಾನಾಗಿ ಮೇಲೆದ್ದಿತು, ಕಡಗೋಲಿನ ಕಡೆಗೆ, ಬೆರಳುಗಳು ಹಿಡಿಯುವಂತೆ ಬಾಗಿದವು, ಗಾಳಿಯಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತವು, ಆಮೇಲೆ ಕೈ ಟೈಗೆ ಹೋಗಿ ಟೈಯನ್ನು ಸರಿಮಾಡಿತು, ಸರಿಯಾಗಿಯೇ ಇದ್ದ ಟೈಯನ್ನು. ನೋಡಿದಳು ಪಗ್ಮಾ. ಪಗ್ಮಾ ನೋಡಿದ್ದನ್ನು ಅವನೂ ನೋಡಿದ. ಯಾವ ಕಡೆಯವನಪ್ಪ ನೀನು ತಮ್ಮಾ, ಎಂದು ಕೇಳಿದಳು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಕ್ಕಾ ಎಂದ, ಕಿವಿ ಕೆಂಪಾಗಿತ್ತು. ಸಂಬಂಧ ಇಲ್ಲವೇ, ನಿನ್ನ ಕೈಗೂ ನಿನಗೂ ಸಂಬಂಧ ಇಲ್ಲವೇ, ಕೈ ಕಟ್ಟಿಹಾಕಲು ಎಷ್ಟು ವರ್ಷ ಬೇಕಾಯಿತು ನಿನಗೆ, ಆ ಟೈ ಅದಕ್ಕೇ ಇದೆಯೇ, ಮತ್ತು ನನ್ನಿಂದ ನೀನು ಕೇಳುತ್ತಿರುವುದು ಇದನ್ನೇ, ಈ ಕೈ ತಪ್ಪು ಎಂದು ನಾನೇ ಹೇಳಬೇಕು, ಈ ಮೇಷ್ಟರುಗಳಿಗೆ, ಈ ಮೇಡಂಗೆ, ನನ್ನ ಮಗಳಿಗೆ, ಬಂದವರೆಲ್ಲ ಕಡೆದು ಕಡೆದು ನುಣುಪು ಮಾಡಿದ ಕೋಲಿನ ಎದುರಲ್ಲೇ ನಿಂತು ಕಡೆಯುವುದು ತಪ್ಪು ಎನ್ನಬೇಕು, ಅಮ್ಮ ಗೊರಕೆ ಹೊಡೆದ ರಾತ್ರಿಯನ್ನು ಅಳಿಸಬೇಕು — ಇಲ್ಲ, ಆಗುವುದಿಲ್ಲ, ಬೇಕರಿಗೆ ಹೋದರೆ ಹೋಗಲಿ, ಮಗಳು ಜೀವನವಿಡೀ ನನ್ನನ್ನು ಶಪಿಸಿದರೆ ಶಪಿಸಲಿ, ನಾಳೆ ಪಶ್ಚಾತ್ತಾಪ ಪಟ್ಟರೂ ಪಡುತ್ತೇನೆ, ಈಗ ಇಲ್ಲ. ಹೊಲಿಗೆ ಬಿಟ್ಟಿದ್ದಕ್ಕೆ ತಪ್ಪಾಯ್ತು, ಎಂದಳು, ದನಿ ತನಗೇ ದೊಡ್ಡದೆನಿಸಿತು, ಸೂಜಿ ದಾರ ಕೊಡ್ಸಿ, ಇಲ್ಲೇ ಕೂತು ಹೊಲ್ಕೊಡ್ತೀನಿ, ಅದು ನನ್ನ ತಪ್ಪು. ಕಡೆದಿದ್ದಕ್ಕೆ ಅನ್ನಲ್ಲ. ಕಡೆಯಬಾರ್ದು ಅಂತಿದ್ರೆ ಬಾಗಿಲು ಯಾಕಿಟ್ರಿ.

ಗೊಂಚಿಗ್ ತಿರುಗಿದ, ಹೊಸ್ತಿಲಾಚೆಯ ಹುಡುಗಿಗೆ ಹೇಳಿದ, ಕೇಳಿದ್ರಲ್ಲ, ನಿಮ್ಮ ಗುಂಪಿನವ್ರು, ಕಡೇ ಸಲ ನೀವೇ ಕೇಳಿ ನೋಡಿ. ಹೇಳಿಸು ಎಂದರ್ಥ, ನಿನ್ನ ಕೆಲಸ ನೀನೇ ಉಳಿಸಿಕೋ ಎಂದರ್ಥ, ಮತ್ತು ಸರ್ನೈ ಬರುತ್ತಿದ್ದಾಳೆ, ತಲೆ ಬಾಗಿಸಿ, ಹೊಸ್ತಿಲು ದಾಟಿ, ಈಗ ಅಮ್ಮಾ ಅನ್ನುತ್ತಾಳೆ, ಒಂದೇ ಒಂದು ಮಾತಮ್ಮಾ ಅನ್ನುತ್ತಾಳೆ, ಅವಳು ಅಂದರೆ ನಾನು ಏನು ಮಾಡಲಿ, ಈ ಬೆನ್ನು ಮುರಿಯುವುದಾದರೆ ಅವಳೊಬ್ಬಳ ಮಾತಿಗೇ ಮುರಿಯುತ್ತದೆ, ಅವಳು ಕೇಳಬಾರದು, ಬೇಡ ಮಗಾ, ಕೇಳಬೇಡ, ಕೇಳಿದರೆ ಹೇಳಿಬಿಡುತ್ತೇನೆ. ಇವ್ರು ನಮ್ಮಮ್ಮ ಸಾರ್, ಎಂದಳು ಸರ್ನೈ. ನಾನು ಕೇಳಲ್ಲ. ಹೇಳದಿದ್ರೆ ಹೇಳದೇ ಇರ್ಲಿ. ಗೊಂಚಿಗ್ ಏನೋ ಹೇಳಲು ಹೋದ, ಅವಳು ಬಿಡಲಿಲ್ಲ, ನಾಳೆಯಿಂದ ತಾನೇ ಬೇಡ ಅಂದಿದ್ದು, ಇವತ್ತು ಈ ಗುಂಪು ನಂದು, ಮುಗಿಸಿ ಹೋಗ್ತೀನಿ, ಎಂದು ಮೇಷ್ಟರುಗಳ ಕಡೆ ಹೊರಳಿ, ಬನ್ನಿ, ಹತ್ತಿರ ಬನ್ನಿ, ಇದು ಕುದುರೆ ಹಾಲಿನ ಚೀಲ ಎಂದು ಶುರು ಮಾಡಿದಳು, ದನದ ತೊಗಲು, ಹೊಗೆ ಕೊಟ್ಟು ಹದ ಮಾಡಿದ್ದು, ಪುಸ್ತಕದ ಮಾತು, ಎಲ್ಲ ಪುಸ್ತಕದ್ದೇ, ಆದರೆ ಪಗ್ಮಾ ಅದನ್ನು ಕೇಳುತ್ತಿಲ್ಲ, ಗೊಂಚಿಗ್ ಹೊರಟನೋ ನಿಂತನೋ ನೋಡುತ್ತಿಲ್ಲ, ನೋಡುತ್ತಿರುವುದು ಮಗಳ ಬಲಗೈಯನ್ನು, ಹರಿದ ಚೀಲಕ್ಕೆ ತಾಗದ ಹಾಗೆ ತೊಡೆಯ ಪಕ್ಕಕ್ಕೆ ಒತ್ತಿ ಹಿಡಿದ ಕೈ, ಬಿಗಿಯಾಗಿ ಮುಚ್ಚಿದ ಮುಷ್ಟಿ, ಗೆಣ್ಣು ಬಿಳಿಯಾಗುವಷ್ಟು ಬಿಗಿ, ಏನೂ ನೆನಪಿಲ್ಲದವಳ ಮುಷ್ಟಿ, ಅದು ಅವಳಿಗೆ ಗೊತ್ತಿಲ್ಲದೆ ಚೂರೇ ಚೂರು ಮೇಲೇಳುತ್ತಿದೆ, ಇಳಿಯುತ್ತಿದೆ, ಮೇಲೆ — ಕೆಳಗೆ — ಮೇಲೆ —